ಹೊಳೆಗೆ ಹೋದ ನಡಾವಳಿ ಪುಸ್ತಕಗಳು

ಅವರ ಬಲಗಿವಿಯ ಸಂದಿಯಲ್ಲಿ ಯಾವಾಗಲೂ ಒಂದು ಕೆಂಪು ಕಣಗಿಲೆ ಹೂವು ಇರುತ್ತಿತ್ತು. ಬೆಳಿಗ್ಗೆ ಪೂಜೆ ಮುಗಿಸಿ ಸಿಕ್ಕಿಸಿಕೊಂಡದ್ದು ಮಧ್ಯಾಹ್ನಕ್ಕೆ ಬಾಡಿ, ಸಂಜೆಯ ಹೊತ್ತಿಗೆ ಒಣಮೆಣಸಿನಕಾಯಿಯಂತೆ ಮುರುಟಿ ಕಿವಿಯ ಕೂದಲಿಗೆ ಅಂಟಿಕೊಂಡಿರುತ್ತಿತ್ತು. ಅದನ್ನು ತೆಗೆಯಿರಿ ಎಂದು ಹೇಳುವ ಧೈರ್ಯ ಪೇಟೆಯಲ್ಲಿ ಯಾರಿಗೂ ಇರಲಿಲ್ಲ. ನನಗೆ ಧೈರ್ಯವಿತ್ತು, ಮನಸ್ಸಿರಲಿಲ್ಲ. ಪುಕ್ಕಟೆ ಸಿಗುವ ನಗುವನ್ನು ಯಾಕೆ ಕಳೆದುಕೊಳ್ಳಲಿ ಎಂದು ಸುಮ್ಮನಿದ್ದೆ.

ಅವರು ನಮ್ಮೂರಿನ ವರ್ತಕರ ಸಂಘದ ಕಾರ್ಯದರ್ಶಿ. ಶೇಂಗಾ, ಜೋಳದ ದಲಾಲಿ ಅಂಗಡಿ ಇತ್ತು, ಅದನ್ನು ತಮ್ಮಂದಿರು ನೋಡಿಕೊಳ್ಳುತ್ತಿದ್ದರು. ಇವರ ಪಾಲಿಗೆ ಉಳಿದದ್ದು ಸಂಘ. ಅಧ್ಯಕ್ಷರು ಬರುತ್ತಿದ್ದರು, ಹೋಗುತ್ತಿದ್ದರು, ಕಾರ್ಯದರ್ಶಿ ಮಾತ್ರ ಗೋಡೆಗೆ ಹೊಡೆದ ಮೊಳೆಯ ಹಾಗೆ ಅಲ್ಲೇ. ಎಲ್ಲರೂ ಅವರನ್ನು ಬಹುವಚನದಲ್ಲಿ ‘ಕಾರ್ಯದರ್ಶಿಗಳು’ ಎಂದೇ ಕರೆಯಬೇಕು. ಮನೆಯಲ್ಲಿ ಹೆಂಡತಿಯೂ ‘ಕಾರ್ಯದರ್ಶಿಗಳು ಉಣ್ಣಾಕ ಕುಂತಾರ, ಆಮ್ಯಾಲ ಬರ್ರಿ’ ಎನ್ನುತ್ತಿದ್ದರಂತೆ. ನಾನು ಕೇಳಿಲ್ಲ, ಆದರೆ ನಂಬುತ್ತೇನೆ.

ಸಂಘದ ಕೆಲಸ ಎಂದರೆ ಅವರಿಗೆ ಫೋಟೋ ತೆಗೆಸಿಕೊಳ್ಳುವುದು. ಮಂತ್ರಿ ಬಂದರೆ ಹಾರ ಹಾಕುವ ಕೈ ಯಾರದೇ ಇರಲಿ, ಹಾರಕ್ಕೂ ಮಂತ್ರಿಗೂ ನಡುವೆ ಇವರ ಮುಖ ಇರುತ್ತಿತ್ತು. ಇನ್ನೊಂದು ಚಟವೆಂದರೆ ಭಿನ್ನವಾದದ್ದನ್ನು ಹೊರಗೆ ಹಾಕುವುದು. ಬಿರುಕು ಬಿಟ್ಟ ಕನ್ನಡಿ, ಹಲ್ಲು ಮುರಿದ ಹಣಿಗೆ, ಕೈ ಮುರಿದ ಕುರ್ಚಿ, ಯಾವುದೂ ಅವರ ಕಣ್ಣೆದುರು ಇರುವಂತಿರಲಿಲ್ಲ. ಒಮ್ಮೆ ಸಂಘದ ಸಭೆಗೆ ಚಹಾ ತಂದ ಹೋಟೆಲಿನವನ ಒಂದು ಕಪ್ಪಿನ ಅಂಚು ಚೂರು ಹಾರಿತ್ತು. ಅದನ್ನು ಚಹಾ ಸಮೇತ ಕಿಟಕಿಯಿಂದ ಆಚೆ ಎಸೆದರು. ಕೆಳಗೆ ಮೂಟೆ ಇಳಿಸುತ್ತಿದ್ದ ಹಮಾಲನೊಬ್ಬ ಬೆನ್ನಿಗೆ ಬಿಸಿ ತಾಗಿ ಕೂಗಿಕೊಂಡ. ಇವರು ಕಿಟಕಿಯಲ್ಲಿ ತಲೆ ಹಾಕಿ, ‘ಭಿನ್ನ ಆದದ್ದು ಇಟಗಾಬಾರದಪಾ, ಲಕ್ಷ್ಮಿ ನಿಲ್ಲಂಗಿಲ್ಲ’ ಎಂದು ಅವನಿಗೇ ಉಪದೇಶ ಮಾಡಿದರು. ಹೋಟೆಲಿನವನಿಗೆ ಕಪ್ಪಿನ ಬೆಲೆ ಕೊಟ್ಟರೋ ಇಲ್ಲವೋ, ಅದನ್ನು ಅವನೇ ಹೇಳಬೇಕು.

ತೊಂಬತ್ತರ ದಶಕದ ಕೊನೆಯಲ್ಲಿ ಸಂಘಕ್ಕೆ ಐವತ್ತು ತುಂಬಿತು. ಸುವರ್ಣ ಮಹೋತ್ಸವ, ಸ್ಮರಣ ಸಂಚಿಕೆ ಎಂದೆಲ್ಲ ಓಡಾಟ ಶುರುವಾಯಿತು. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಕಾರ್ಯದರ್ಶಿಗಳು ಒಂದು ದಿನ ಕಾಲೇಜಿಗೇ ಬಂದರು. ‘ಮೇಡಂರಿ, ನಮ್ಮ ಸಂಘದ ಇತಿಹಾಸ ನೀವು ಬರೀಬೇಕು. ಕೋಗಳಿ ಬಸದಿ ಮ್ಯಾಲೆ ಬರದೀರಂತಲ್ಲ, ಇದೇನು ದೊಡ್ಡದು ನಿಮಗ’ ಎಂದರು. ಸಾವಿರ ವರ್ಷದ ಕಲ್ಲಿನ ಪಕ್ಕ ತಮ್ಮ ಕುರ್ಚಿಯನ್ನು ಎಷ್ಟು ಸಲೀಸಾಗಿ ಹಾಕಿಕೊಂಡರಲ್ಲ ಎನ್ನಿಸಿತು. ಆದರೂ ಒಪ್ಪಿದೆ. ಯಾಕೆ ಒಪ್ಪಿದೆ ಎಂದರೆ, ನನ್ನ ಅವ್ವ ಅದೇ ಪೇಟೆಯಲ್ಲಿ ಶೇಂಗಾ ಹಸನು ಮಾಡಿ ನನ್ನನ್ನು ಓದಿಸಿದವಳು. ಆ ಪೇಟೆಯ ಹಳೆಯ ಕಾಗದಗಳನ್ನು ನೋಡುವ ಆಸೆ ನನಗೆ ಮೊದಲಿನಿಂದಲೂ ಇತ್ತು.

ಸಂಘದ ಕಚೇರಿ ಅಂಗಡಿಗಳ ಮೇಲಿನ ಮಹಡಿ. ದೇವರ ಪಟದ ಕೆಳಗೆ, ಕೆಂಪು ಬಟ್ಟೆ ಹಾಸಿದ ಮಣೆಯ ಮೇಲೆ, ಹಳೆಯ ನಡಾವಳಿ ಪುಸ್ತಕಗಳು ಇದ್ದವು. ಸಂಘದ ಸಭೆಯಲ್ಲಿ ಯಾರು ಏನೆಂದರು, ಏನು ತೀರ್ಮಾನವಾಯಿತು ಎಂದು ಮೊದಲ ವರ್ಷದಿಂದ ಬರೆದುಕೊಂಡು ಬಂದವು. ಪ್ರತಿ ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕಗಳ ಜೊತೆ ಇವನ್ನೂ ಪೂಜೆಗೆ ಇಡುವುದು ಸಂಘದ ಪದ್ಧತಿ. ರಟ್ಟಿನ ಮೇಲೆಲ್ಲ ಅರಿಶಿನ, ಕುಂಕುಮ, ಎಣ್ಣೆಯ ಕಲೆ. ಮೂಲೆಗಳನ್ನು ಗೆದ್ದಲು ತಿಂದಿತ್ತು. ಅಷ್ಟು ವರ್ಷ ಪೂಜೆ ಮಾಡಿದವರಲ್ಲಿ ಒಬ್ಬರೂ ಅವನ್ನು ತೆರೆದು ಓದಿರಲಿಲ್ಲ ಎಂಬುದಕ್ಕೆ ಅಂಟಿಕೊಂಡ ಹಾಳೆಗಳೇ ಸಾಕ್ಷಿ.

ಒಂದು ಪುಸ್ತಕ ಬಿಡಿಸಿದೆ. ಆ ಕಾಲದ ಗುಮಾಸ್ತ ಯಾರೋ ಪುಣ್ಯಾತ್ಮ, ಆಡಿದ ಮಾತನ್ನು ಆಡಿದ ಹಾಗೇ ಬರೆದಿದ್ದ. ನಡುವೆ ಒಂದು ಕಡೆ, ಶೇಂಗಾ ಹಸನು ಮಾಡುವ ಹೆಣ್ಣುಮಕ್ಕಳು ಕೆಲಸ ಬಿಟ್ಟು ಸಂಘದ ಮೆಟ್ಟಿಲ ಮೇಲೆ ಕುಳಿತ ಸಂಗತಿ ಇತ್ತು. ಅವರ ಪರವಾಗಿ ಮಾತಾಡಿದವಳ ಹೆಸರು ಬರೆದಿತ್ತು. ಅದು ನನ್ನ ಅವ್ವನ ಹೆಸರು. ‘ನಿಮ್ಮ ತಕ್ಕಡಿಗಿ ನೆಳ್ಳು ಐತಿ, ನಮ್ಮ ತಲಿಗಿ ಇಲ್ಲ’ ಎಂದಿದ್ದಳು ಅವ್ವ.

ಆ ಸಾಲನ್ನು ಇನ್ನೊಮ್ಮೆ ಓದಿದೆ. ಅವ್ವ ತೀರಿಹೋಗಿ ಆಗಲೇ ಬಹಳ ವರ್ಷವಾಗಿತ್ತು. ಓದು ಬರಹ ಬಾರದವಳು, ಅವಳದೊಂದು ಸಹಿಯೂ ನನ್ನ ಬಳಿ ಇಲ್ಲ. ಮನೆಯಲ್ಲಿ ಮಾತೇ ಆಡದಿದ್ದ ಹೆಂಗಸು ಇಷ್ಟೊಂದು ಜನ ಸಾಹುಕಾರರ ಎದುರು ನಿಂತು ಮಾತಾಡಿದ್ದನ್ನು ನನಗೆ ಯಾವತ್ತೂ ಹೇಳಿರಲಿಲ್ಲ. ಅವಳ ಮಾತು ಮುಂದಿನ ಹಾಳೆಗೂ ಹೋಗಿತ್ತು, ಆ ಹಾಳೆ ಹಿಂದಿನದಕ್ಕೆ ಅಂಟಿಕೊಂಡಿತ್ತು. ನಾನು ಉಗುರಿನಿಂದ ಮೆಲ್ಲಗೆ ಬಿಡಿಸತೊಡಗಿದ್ದೇ ತಡ, ಕಾರ್ಯದರ್ಶಿಗಳು ಬಂದು ಪುಸ್ತಕ ಮುಚ್ಚಿದರು.

‘ಹಬ್ಬದ ಪೂಜಿ ಆಗ್ಲಿ ಮೇಡಂರಿ, ಆಮ್ಯಾಲ ಎಷ್ಟು ಬೇಕಾದ್ರೂ ಓದ್ರಿ. ಈಗ ಮೈಲಿಗಿ ಮಾಡಬ್ಯಾಡ್ರಿ.’

ನನ್ನ ಅವ್ವನ ಮಾತಿಗೆ ನನ್ನ ಕೈಯೇ ಮೈಲಿಗೆಯಾಯಿತು. ಅವ್ವನ ಹೆಸರು ತೋರಿಸಿದೆ, ಒಂದೇ ಒಂದು ಹಾಳೆ ಎಂದು ಕೇಳಿಕೊಂಡೆ. ‘ಎಲ್ಲಿ ಹೋಗ್ತೈತ್ರಿ ಪುಸ್ತಕ’ ಎಂದು ನಕ್ಕರು.

ಎಲ್ಲಿ ಹೋಗುತ್ತದೆ ಎಂದು ಹಬ್ಬ ಕಳೆದ ಮೇಲೆ ಗೊತ್ತಾಯಿತು. ಮಣೆಯ ಮೇಲೆ ಹೊಳೆಯುವ ರಟ್ಟಿನ ಹೊಸ ಪುಸ್ತಕಗಳಿದ್ದವು. ಐವತ್ತು ವರ್ಷದ ನಡಾವಳಿಯನ್ನೆಲ್ಲ ಹೈಸ್ಕೂಲಿನ ಮೇಷ್ಟ್ರೊಬ್ಬರು ದುಂಡಗಿನ ಅಕ್ಷರದಲ್ಲಿ ಹೊಸದಾಗಿ ಬರೆದಿದ್ದರು, ಕಾರ್ಯದರ್ಶಿಗಳು ಪಕ್ಕದಲ್ಲಿ ಕುಳಿತು ಹೇಳಿ ಬರೆಸಿದ್ದರು.

‘ಹಳೇವು ಎಲ್ಲದಾವ್ರಿ?’ ಎಂದೆ.

‘ಬಿಟ್ಟು ಬಂದಿವಿ.’

‘ಎಲ್ಲಿಗ್ರಿ?’

‘ಹೊಳಿಗಿ. ಗೆದ್ದಲು ತಿಂದು ಭಿನ್ನ ಆಗಿದ್ವಲ್ರಿ, ಅಂಥವು ಪೂಜಿಗಿ ಇಡಬಾರದು ಅಂತ ಅಯ್ಯನೋರು ಅಂದ್ರು. ಜೀಪು ಮಾಡಿಕೊಂಡು ಹಡಗಲಿ ಆಚಿ ತುಂಗಭದ್ರಿಗಿ ಒಯ್ದು, ಹಾರ ಹಾಕಿ, ಕಾಯಿ ಒಡದು, ಸಕಲ ಮರ್ಯಾದಿಲಿಂದ ಬಿಟ್ಟಿವಿ.’ ಹೊಗಳಿಕೆಗಾಗಿ ಕಾಯುತ್ತ ನನ್ನ ಮುಖ ನೋಡಿದರು. ಜೀಪಿನ ಮುಂದೆ ಹಾರ ಹಿಡಿದು ನಿಂತ ಫೋಟೋ ಸಹ ತೋರಿಸಿದರು.

ಹೊಸ ಪುಸ್ತಕ ತಿರುವಿದೆ. ಐವತ್ತು ವರ್ಷದಲ್ಲಿ ನಮ್ಮ ಪೇಟೆಯಲ್ಲಿ ಒಂದು ಜಗಳವೂ ಆಗಿರಲಿಲ್ಲ. ಎಲ್ಲ ಸಭೆಗಳೂ ಶಾಂತಿಯುತವಾಗಿ ನಡೆದಿದ್ದವು, ಎಲ್ಲ ತೀರ್ಮಾನಗಳೂ ಸರ್ವಾನುಮತದ್ದು. ಹೆಣ್ಣುಮಕ್ಕಳು ಮೆಟ್ಟಿಲ ಮೇಲೆ ಕುಳಿತ ಕಡೆ, ‘ಮಹಿಳಾ ಕೂಲಿಕಾರರ ಬಗ್ಗೆ ಮರುಗಿ ನೆರಳಿಗೆ ತಗಡಿನ ಚಪ್ಪರ ಹಾಕಿಸಿಕೊಟ್ಟ ಮಹನೀಯರಿಗೆ ಸಭೆ ವಂದನೆ ಸಲ್ಲಿಸಿತು’ ಎಂದಿತ್ತು. ಮಹನೀಯರು ಬೇರೆ ಯಾರೂ ಅಲ್ಲ, ಕಾರ್ಯದರ್ಶಿಗಳ ತಂದೆ.

‘ಇಲ್ಲಿ ನಮ್ಮವ್ವ ಆಡಿದ ಮಾತು ಇತ್ತಲ್ರಿ’ ಎಂದೆ.

‘ಹಳೇದ್ರಾಗ ಬರೇ ಜಗಳನ ಇತ್ರಿ, ಅದನ್ನ ಯಾರು ಓದ್ತಾರ?’ ಎಂದವರು ನನ್ನ ಮುಖ ನೋಡಿ ಸ್ವಲ್ಪ ಮೆತ್ತಗಾದರು. ‘ಬ್ಯಾಸರ ಮಾಡಿಕ್ಯಾಬ್ಯಾಡ್ರಿ. ನಿಮ್ಮ ತಾಯೇರ ಹೆಸರು ಬೇಕಂದ್ರ ಸೇರಿಸೋಣಂತ. ಏನು ಅಂದಿದ್ರು ಅಂತ ಬರೀಬೇಕು, ನೀವ ಹೇಳ್ರಿ.’

ನನಗೆ ಅಳು ಬರಲಿಲ್ಲ, ಹೇಸಿಗೆಯಾಯಿತು. ಆ ಮನುಷ್ಯ ಕೆಟ್ಟವರಾಗಿದ್ದರೆ ಬೈಯಬಹುದಿತ್ತು. ಅವರು ನಿಜಕ್ಕೂ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದರು. ಅವ್ವ ಮುಂದೆ ಏನೆಂದಳು, ಸಾಹುಕಾರರು ಏನು ಉತ್ತರ ಕೊಟ್ಟರು, ಅವಳು ಹೆದರಿದಳೋ ಜೋರಾದಳೋ, ನನಗೆ ಎಂದೆಂದಿಗೂ ತಿಳಿಯುವುದಿಲ್ಲ. ಅದನ್ನು ನಾನೇ ಕಟ್ಟಿ ಬರೆಸಬೇಕಂತೆ! ಪುಸ್ತಕ ಮಣೆಯ ಮೇಲಿಟ್ಟು ಕೆಳಗಿಳಿದು ಬಂದೆ. ಸಂಘದ ಇತಿಹಾಸವನ್ನು ಕೊನೆಗೆ ಅವರೇ ಬರೆದರು. ಅರ್ಧ ಸಂಚಿಕೆ ಅವರ ಫೋಟೋಗಳೇ ಇದ್ದವು.

ಆಮೇಲೆ ಸಂಘದ ಪೂಜೆ ಮಾಡಿಸುವ ಅಯ್ಯನವರನ್ನು ಕಂಡು ಕೇಳಿದೆ. ಅವರು ತಲೆ ಚಚ್ಚಿಕೊಂಡರು. ‘ಪೂಜಿಗಿ ಇಡಬ್ಯಾಡ್ರಿ ಅಂದಿದ್ದೆ ಕಣವ್ವಾ. ಕಪಾಟಿನ್ಯಾಗ ಇಟ್ಟಿದ್ರ ಆಗ್ತಿತ್ತು. ಹೊಳಿಗಿ ಬಿಡ್ರಿ ಅಂತ ನಾ ಯಾವಾಗ ಅಂದೆ?’

ಅಲ್ಲಿಂದ ನನಗೊಂದು ಹುಚ್ಚು ಹಿಡಿಯಿತು. ರಜೆ ಸಿಕ್ಕಾಗಲೆಲ್ಲ ಕೊಟ್ಟೂರು, ಹರಪನಹಳ್ಳಿ, ಕಾನಹೊಸಹಳ್ಳಿ ಎಂದು ಬಸ್ಸು ಹತ್ತಿ ಹಳೆಯ ಅಂಗಡಿಗಳ ಅಟ್ಟ ಹುಡುಕಿದೆ. ‘ಹರಿದಿದ್ರೂ ಕೊಡ್ರಿ, ಇಲಿ ತಿಂದಿದ್ರೂ ಕೊಡ್ರಿ’ ಎಂದು ಬೇಡಿದೆ. ಹಮಾಲರ ಸಂಘದ ಕರಪತ್ರ, ಸಂತೆಯ ಸುಂಕದ ಚೀಟಿ, ತಲೆ ಕತ್ತರಿಸಿಹೋದ ಗುಂಪು ಫೋಟೋಗಳು, ಎಲ್ಲ ಈಗ ಕಾಲೇಜಿನ ಒಂದು ಕೋಣೆಯಲ್ಲಿವೆ. ಅವ್ವನ ಮಾತು ಯಾವುದರಲ್ಲೂ ಇಲ್ಲ. ಬೇರೆಯವರ ಅವ್ವಂದಿರ ಮಾತು ಒಂದಿಷ್ಟು ಇದೆ. ಈ ಕೆಲಸಕ್ಕೆ ನನ್ನನ್ನು ಹಚ್ಚಿದವರು ಕಾರ್ಯದರ್ಶಿಗಳೇ. ಋಣ ಎನ್ನಲು ನಾಲಿಗೆ ಏಳುವುದಿಲ್ಲ, ಆದರೆ ಬೇರೆ ಹೆಸರೂ ತೋಚುವುದಿಲ್ಲ.

ಕೆಲವು ವರ್ಷಗಳ ನಂತರ ಅವರು ಎದೆನೋವಿನಿಂದ ತೀರಿಕೊಂಡರು. ಸಂಘದಲ್ಲಿ ಸಂತಾಪ ಸಭೆ. ಆಳೆತ್ತರದ ಬಣ್ಣದ ಫೋಟೋ ಮಾಡಿಸಿದ್ದರು, ಕಿವಿಯ ಹೂವಿಗೆ ಸ್ಟುಡಿಯೋದವನು ಕೆಂಪು ತುಂಬಿ ತಾಜಾ ಮಾಡಿದ್ದ. ಗೋಡೆಗೆ ಏರಿಸುವಾಗ ಹಗ್ಗ ಜಾರಿ ಬಿತ್ತು. ಗಾಜು ಕಿವಿಯಿಂದ ಗಲ್ಲದವರೆಗೆ ಸೀಳಿತು.

ಎಲ್ಲರೂ ಮುಖ ಮುಖ ನೋಡಿಕೊಂಡರು. ಹೊಸ ಕಾರ್ಯದರ್ಶಿ ಮೆಲ್ಲಗೆ ಅಂದ: ‘ಭಿನ್ನ ಆತಲ್ರಿ. ಇದನ್ನ ಹೊಳಿಗಿ ಬಿಟ್ಟು ಬ್ಯಾರೆ ಮಾಡಿಸೋಣು.’ ಅವರ ಮಗನೂ ತಲೆಯಾಡಿಸಿದ. ‘ಅಪ್ಪಾಜಿ ಇದ್ದಿದ್ರ ಅವ್ರೂ ಅದನ್ನ ಅಂತಿದ್ರು’ ಎಂದ.

ನಾನು ಎದ್ದು ನಿಂತೆ. ‘ನನಗ ಕೊಡ್ರಿ’ ಎಂದೆ.

ಈಗ ಅದು ನನ್ನ ಕೋಣೆಯಲ್ಲಿ, ಸೀಳಿದ ಗಾಜಿನ ಸಮೇತ, ಗೋಡೆಯ ಮೇಲಿದೆ. ಹಿಂದಿನ ರಟ್ಟಿಗೆ ಒಂದು ಹಾಳೆ ಅಂಟಿಸಿದ್ದೇನೆ. ಅವರ ಹೆಸರು, ಅವರ ಹುದ್ದೆ, ಪುಸ್ತಕಗಳನ್ನು ಹಾರ ಹಾಕಿ ಹೊಳೆಗೆ ಬಿಟ್ಟ ಸಂಗತಿ, ಕೊನೆಗೆ ನನಗೆ ನೆನಪಿರುವ ಅವ್ವನ ಆ ಒಂದು ಮಾತು. ಇತಿಹಾಸದಲ್ಲಿ ಉಳಿಯಬೇಕೆಂದು ಅವರಿಗೆ ಬಹಳ ಆಸೆಯಿತ್ತು. ಉಳಿಸಿದ್ದೇನೆ.