ಅವ್ವನ ಅಳತೆಯ ಕಾರು

ಔಡಲೆಣ್ಣೆ ಕಾದ ವಾಸನೆ ಬಂದರೆ ನಿಮಗೆ ಬಾಣಂತಿಯ ಕೋಣೆ ನೆನಪಾಗಬಹುದು. ನನಗೆ ನೆನಪಾಗುವುದು ರೇಸಿನ ಕಾರು. ನಗಬೇಡಿ. ಸವಣೂರಿನಲ್ಲಿ ನನ್ನ ಅಪ್ಪ ತಗಡಿನ ಟ್ರಂಕು ಮಾಡುತ್ತಿದ್ದ. ಎಪ್ಪತ್ತರ ದಶಕದ ಕೊನೆಯಲ್ಲಿ, ಯಾರೋ ಗುಜರಿಗೆ ಹಾಕಿದ ಕಾರಿನ ಎಂಜಿನ್ನು, ಚಕ್ರಗಳನ್ನು ಮನೆಗೆ ತಂದವನೇ, ಇದನ್ನು ರೇಸಿನ ಗಾಡಿ ಮಾಡಿಯೇ ಸೈ ಎಂದು ಪಟ್ಟು ಹಿಡಿದು ಕುಳಿತ. ಓಣಿಯವರು ತಲೆ ಕೆಟ್ಟಿದೆ ಎಂದರು. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ರೇಸಿನ ಎಂಜಿನ್ನಿಗೆ ಔಡಲೆಣ್ಣೆ ಒಳ್ಳೆಯದೆಂದು ಎಲ್ಲೋ ಕೇಳಿ ಬಂದು, ಅವ್ವ ನಮ್ಮ ನೆತ್ತಿಗೆ ತಿಕ್ಕುವ ಎಣ್ಣೆಯನ್ನೇ ಅದಕ್ಕೂ ಸುರಿಯುತ್ತಿದ್ದ. ಅದು ಶುರುವಾದರೆ ಇಡೀ ಓಣಿಗೆ ಎಣ್ಣೆಸ್ನಾನದ ವಾಸನೆ.

ನಕ್ಷೆ ಗಿಕ್ಷೆ ಏನೂ ಇರಲಿಲ್ಲ. ಅಪ್ಪ ಕೆಲಸ ಮಾಡುತ್ತಿದ್ದ ರೀತಿಯೇ ಹಾಗೆ: ಒಳಗೆ ಇಡುವ ವಸ್ತುವನ್ನು ನಡುವೆ ಇಟ್ಟುಕೊಂಡು ಅದರ ಸುತ್ತ ತಗಡು ಬಗ್ಗಿಸುವುದು. ಇಲ್ಲಿ ಒಳಗೆ ಇರಬೇಕಾದವರು ಮನುಷ್ಯರಲ್ಲವೇ, ತಾನು ಹೊರಗೆ ನಿಂತು ಬಡಿಯಬೇಕಲ್ಲ ಎಂದು ಅವ್ವನನ್ನು ಚೌಕಟ್ಟಿನಲ್ಲಿ ಕೂರಿಸಿದ. ಅವಳು ತೊಡೆಯ ಮೇಲೆ ಮೊರ ಇಟ್ಟುಕೊಂಡು ಜೋಳ ಹಸನು ಮಾಡುತ್ತಿದ್ದಳು. ಅವನು ಸುತ್ತಲೂ ಬಡಿಯುತ್ತಿದ್ದ. ತಡಸದ ಹತ್ತಿರದ ಬಯಲಿನಲ್ಲಿ ರೇಸು ನಡೆಯುತ್ತದೆ ಎಂಬ ಸುದ್ದಿ ಬರುವ ಹೊತ್ತಿಗೆ ಗಾಡಿ ಮುಗಿಯಿತು. ಅಪ್ಪ ಮೀಸೆ ತಿರುವಿ ಕಾಲು ಒಳಗಿಟ್ಟ. ಸೊಂಟದ ಹತ್ತಿರ ಸಿಕ್ಕಿಕೊಂಡ! ಅವ್ವ ಕಡ್ಡಿಯಂಥವಳು, ಅಪ್ಪ ಗರಡಿಮನೆಯ ಆಳು. ಅಷ್ಟು ತಿಂಗಳಲ್ಲಿ ಇದು ಒಬ್ಬರಿಗೂ ಹೊಳೆದಿರಲಿಲ್ಲ. ಎಲ್ಲ ಕತ್ತರಿಸಿ ಮತ್ತೆ ಜೋಡಿಸುವಷ್ಟರಲ್ಲಿ ರೇಸು ಮುಗಿದೇ ಹೋಗುತ್ತಿತ್ತು. ಅಪ್ಪ ಕಟ್ಟೆಯ ಮೇಲೆ ತಲೆಗೆ ಕೈ ಹೊತ್ತು ಕುಳಿತ.

"ಅಳತಿ ನಂದು ತಗೊಂಡೀರಿ. ನಾನ ಓಡಸ್ತೇನಿ," ಎಂದಳು ಅವ್ವ.

"ನಿನಗ ಬರ್ತೈತೇನ?"

"ಬರೂದಿಲ್ಲ. ಕಲಸ್ರಿ."

ಬತ್ತಿದ ಕೆರೆಯ ಅಂಗಳದಲ್ಲಿ, ಸೀರೆಗೆ ಕಚ್ಚೆ ಹಾಕಿಕೊಂಡು ಕಲಿತಳು. ಬೈದವರು ಬೈದರು, ನಕ್ಕವರು ನಕ್ಕರು. ರೇಸಿನ ದಿನ, ಹೆಣ್ಣುಮಗಳು ಓಡಿಸುವಂತಿಲ್ಲ ಎಂದು ಅಲ್ಲಿಯವರು ಅಡ್ಡ ಬಂದಾಗ, ಸ್ಟೇರಿಂಗ್ ಹಿಡಿದು ಕೂತವಳು ಇಳಿಯಲೇ ಇಲ್ಲ. ಸೋತು ಅವರೇ ದಾರಿ ಬಿಟ್ಟರು. ಗೆದ್ದಳೇ ಎಂದು ಕೇಳಬೇಡಿ. ಎಲ್ಲರಿಗಿಂತ ಹಿಂದೆ, ಜನ ಚದುರುವ ಹೊತ್ತಿಗೆ ಬಂದಳು. ಮುಖವೆಲ್ಲ ಧೂಳು. "ನಿಮ್ಮ ಗಾಡಿ ಎಲ್ಲೂ ನಿಂದರಲಿಲ್ರಿ," ಎಂದು ಅಪ್ಪನಿಗೆ ಹೇಳಿದಳು. ಅಪ್ಪ ಅತ್ತದ್ದನ್ನು ನಾನು ಮೊದಲು ಕಂಡದ್ದು ಅಂದು.

ಮುಂದೆ ಕೆಲವೇ ವರ್ಷಗಳಲ್ಲಿ ಅವ್ವ ಜ್ವರದಲ್ಲಿ ಹೋಗಿಬಿಟ್ಟಳು. ಗಾಡಿ ಕೇಳಿಕೊಂಡು ಬಂದವರು, ಸೀಟು ತುಸು ಅಗಲ ಮಾಡಿಕೊಟ್ಟರೆ ಒಯ್ಯುತ್ತೇವೆ ಎಂದರು. ಗಿರಾಕಿಗೆ ಎಂದೂ ಇಲ್ಲ ಎನ್ನದ ಅಪ್ಪ, "ಅದನ್ನ ಮುಟ್ಟಾಂಗಿಲ್ರಿ. ಆಕಿ ಜಾಗಾ ಅದು," ಎಂದು ಕಳಿಸಿದ.

ಈಗ ಅಪ್ಪನೂ ಇಲ್ಲ. ರಸ್ತೆ ಅಗಲವಾಗಿ ಆ ಮನೆಯೂ ಇಲ್ಲ. ಗಾಡಿ ನನ್ನ ಹಿತ್ತಲಿನಲ್ಲಿದೆ. ಮೊನ್ನೆ, ಒಮ್ಮೆಯಾದರೂ ಕೂತು ನೋಡಲೇಬೇಕೆಂದು ಕಾಲು ಒಳಗಿಟ್ಟೆ. ನನ್ನದು ಅಪ್ಪನ ಮೈಕಟ್ಟು. ಅವನು ಸಿಕ್ಕಿಕೊಂಡಲ್ಲಿಯೇ ನಾನೂ ಸಿಕ್ಕಿಕೊಂಡೆ. ನಗು ಬಂತು, ಬೆನ್ನಿಗೇ ಅಳು. ಹೇಗೋ ಬಿಡಿಸಿಕೊಂಡು ಬಗ್ಗಿ ನೋಡಿದರೆ, ಸೀಟಿನ ಸಂದಿಯಲ್ಲಿ ಒಂದಿಷ್ಟು ಜೋಳದ ಕಾಳು. ಅಲ್ಲಿಯೇ ಬಿಟ್ಟೆ.