ಹೆರಿಗೆ ಕೋಣೆಯ ಎರಡನೆಯ ದನಿ

ಈ ಹೆಂಗಸಿನ ಕಥೆಯನ್ನು ಅವಳ ಗಂಟಲಿನಿಂದಲೇ ಶುರು ಮಾಡಬೇಕು, ಬೇರೆ ದಾರಿಯಿಲ್ಲ.

ಬಸ್ ನಿಲ್ದಾಣದ ಹಿಂದಿನ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷದಿಂದ ಸೂಲಗಿತ್ತಿಯಾಗಿರುವವಳು ಅವಳು. ಒಳಗೆ ಅವಳು "ತಳ್ಳು ಮಗಳೇ, ತಳ್ಳು!" ಅಂದರೆ, ಹೊರಗೆ ಕೈಗಾಡಿಯವನೂ ತನಗೇ ಹೇಳಿದರೇನೋ ಎಂದು ಒಂದು ಸಲ ಜೋರಾಗಿ ತಳ್ಳುತ್ತಿದ್ದನಂತೆ. ಎದುರಿನ ಟೀ ಅಂಗಡಿಯವನು ಬೆಳಿಗ್ಗೆ ಬಾಗಿಲು ತೆಗೆಯುತ್ತ ಕಿವಿ ಕೊಟ್ಟು, "ಇವತ್ತು ಅಕ್ಕನ ಡ್ಯೂಟಿ, ಗಟ್ಟಿ ಟೀ ಒಂದು ಜಾಸ್ತಿ ಇಡು" ಎಂದು ಹೆಂಡತಿಗೆ ಹೇಳುತ್ತಿದ್ದ. ಜನ ಅವಳಿಗೆ ನಗಾರಿ ಎಂದು ಹೆಸರಿಟ್ಟಿದ್ದರು. ಅವಳಿಗೆ ಅದು ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ಗಂಟಲು ದೊಡ್ಡದು ಅಂತ ಬಾಯಿಗೆ ಬಂದಂತೆ ಕೂಗುವವಳಲ್ಲ. ಅವಳಿಗೊಂದು ನಿಯಮವಿತ್ತು: ಹೆರುವವಳ ಕಿವಿಗೆ ಒಂದೇ ದನಿ ಬೀಳಬೇಕು. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಒಬ್ಬಳ ಹೆರಿಗೆಗೆ ಐದು ಜನ ನಿಂತಿದ್ದರು. ಅತ್ತೆ ತಳ್ಳು ಅಂದಳು, ದೊಡ್ಡಮ್ಮ ತಡೆ ಅಂದಳು, ಡಾಕ್ಟರು ಮಲಗು ಅಂದರು, ಹಿರಿಯ ಸೂಲಗಿತ್ತಿ ಕೂರು ಅಂದಳು, ನಮ್ಮ ನಗಾರಿ ಉಸಿರಾಡು ಅಂದಳು. ಆ ಹುಡುಗಿ ಐವರ ಮುಖವನ್ನೂ ಒಂದೊಂದಾಗಿ ನೋಡಿ ಏನೂ ಮಾಡದೆ ಸುಮ್ಮನಾಗಿಬಿಟ್ಟಳು. ಮಗು ನೀಲಿಗಟ್ಟಿ ಬಂತು. ಬೆನ್ನು ಉಜ್ಜಿ, ಉಸಿರು ಊದಿ, ಅದು ಅತ್ತಾಗ ಐವರೂ ಅತ್ತರು. ಅವತ್ತಿನಿಂದ ನಗಾರಿಯ ಕೋಣೆಯಲ್ಲಿ ಒಂದೇ ದನಿ. ಎರಡನೆಯವರು ಬಾಯಿ ತೆರೆದರೆ, ಅವರು ಎಷ್ಟು ಓದಿದವರಾದರೂ ಸರಿ, "ಒಂದೇ ದನಿ! ನಿಮ್ಮದಾ, ನನ್ನದಾ? ಈಗ್ಲೇ ಹೇಳಿ" ಅನ್ನುತ್ತಿದ್ದಳು. ಒಮ್ಮೆ ಒಬ್ಬ ಡಾಕ್ಟರು "ನಿಮ್ಮದೇ ಇರ್ಲಿ ತಾಯಿ" ಎಂದು ಕೈಗವಸು ಬಿಚ್ಚಿ ಟೀ ಕುಡಿಯಲು ಹೋಗಿದ್ದರು.

ಹೀಗಿರುವಾಗ ಅಲ್ಲಿಗೆ ತರಬೇತಿಗೆಂದು ಒಬ್ಬ ಹುಡುಗಿ ಬಂದಳು. ಅವಳ ಮಾತು ಪಕ್ಕದಲ್ಲಿ ನಿಂತವರಿಗೂ ಅರ್ಧ ಕೇಳಿಸುತ್ತಿತ್ತು.

"ಏನಮ್ಮಾ, ನೀನು ಬಸುರಿ ಹತ್ರ ಮಾತಾಡ್ತಿದೀಯೋ, ಇರುವೆ ಹತ್ರಾನೋ?" ನಗಾರಿ ಮೊದಲ ದಿನವೇ ಕೇಳಿದಳು.

"ಇಬ್ರಿಗೂ ಕೇಳ್ಸುತ್ತೆ ಅಕ್ಕಾ," ಅಂದಳು ಹುಡುಗಿ.

ಅವಳಿಗೆ ಪಿಸುಮಾತು ಎಂದು ಹೆಸರು ಬಿತ್ತು. ಇಟ್ಟವಳು ನಗಾರಿಯೇ. ಕಲಿಸಿದವಳೂ ನಗಾರಿಯೇ, ಅದನ್ನು ಮರೆಯಬಾರದು. ಹೊಟ್ಟೆಯ ಮೇಲೆ ಅಂಗೈಯಿಟ್ಟು ಮಗುವಿನ ಬೆನ್ನು ಯಾವ ಕಡೆ ಎಂದು ಹುಡುಕುವುದು, ಮರದ ಕೊಳವೆಗೆ ಕಿವಿ ಕೊಟ್ಟು ಎದೆಬಡಿತ ಎಣಿಸುವುದು, ತಲೆ ಬರುವಾಗ ಬೆರಳು ಎಲ್ಲಿರಬೇಕು ಅನ್ನುವುದು, ಎಲ್ಲವನ್ನೂ ಕೈ ಹಿಡಿದು ಹೇಳಿಕೊಟ್ಟಳು. ಹುಡುಗಿ ಕಲಿತಳು. ಕಲಿತಿದ್ದಷ್ಟೇ ಆಗಿದ್ದರೆ ತೊಂದರೆಯಿರಲಿಲ್ಲ. ನಾಲ್ಕನೆಯ ವರ್ಷಕ್ಕೆ, ಎರಡನೆಯ ಹೆರಿಗೆಗೆ ಬಂದ ಒಬ್ಬಳು ಮಂಚ ಹತ್ತುತ್ತ ಅತ್ತಿತ್ತ ನೋಡಿದಳು.

"ಆ ಮೆತ್ತಗೆ ಮಾತಾಡೋ ಅಕ್ಕ ಇಲ್ವಾ?"

"ಇಲ್ಲ. ಗಟ್ಟಿಯಾಗಿ ಮಾತಾಡೋಳು ಇದೀನಿ. ಕಾಲು ಮಡಚು."

ಅಂದಳೇನೋ ಅಂದಳು. ಆದರೆ ಆ ಪ್ರಶ್ನೆ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿತು. ಅವತ್ತಿನಿಂದ ಅವಳ ಕಣ್ಣು ಲೆಕ್ಕ ಹಾಕತೊಡಗಿತು. ತಾನು ವಾರ್ಡಿನ ಒಳಗೆ ಕಾಲಿಟ್ಟಾಗ ಎಷ್ಟು ಮುಖ ಅರಳಿದವು, ಪಿಸುಮಾತು ಬಂದಾಗ ಎಷ್ಟು? ಮಗುವಿಗೆ ಸ್ವೆಟರು ಹಾಕಿಸಿಕೊಂಡು ತೋರಿಸಲು ಬಂದವರು ಮೊದಲು ಯಾರ ಕೈಗೆ ಕೊಟ್ಟರು? ಪಿಸುಮಾತು ಹೆಂಗಸರನ್ನು ಗೋಡೆ ಹಿಡಿಸಿ ನಡೆಸುತ್ತಿದ್ದಳು, ಮೊಣಕಾಲೂರಿಸಿ ಕೂರಿಸುತ್ತಿದ್ದಳು, ಸೊಂಟ ನೀವುತ್ತಿದ್ದಳು. ನಗಾರಿ ಬಾಗಿಲ ಸಂದಿಯಿಂದ ನೋಡಿ, "ಹೆರಿಗೆನೋ, ಕವಾಯತೋ?" ಎಂದು ಮೂಗು ಮುರಿಯುತ್ತಿದ್ದಳು. ಮಾರನೆಯ ದಿನ ತನ್ನ ಸರದಿಯಲ್ಲಿ, ಯಾರೂ ಇಲ್ಲ ಎಂದು ನೋಡಿಕೊಂಡು, ತಾನೂ ಒಬ್ಬಳನ್ನು ಗೋಡೆ ಹಿಡಿಸಿ ನಡೆಸುತ್ತಿದ್ದಳು.

ಆಮೇಲೆ ಆ ಫೋಟೋ ಬಂತು. ವಿಶ್ವ ಸೂಲಗಿತ್ತಿಯರ ದಿನಕ್ಕೆಂದು ಮೇಲಿನ ಕಚೇರಿಯವರು ಕ್ಯಾಮೆರಾದವನನ್ನು ಕಳಿಸಿದ್ದರು. ನಗಾರಿ ಇಸ್ತ್ರಿ ಮಾಡಿದ ಏಪ್ರನ್ ಹಾಕಿ, ಉಸಿರು ಬಿಗಿಹಿಡಿದು, ಪಿಸುಮಾತಿನ ಪಕ್ಕ ನಿಂತಳು. ತಿಂಗಳ ನಂತರ ಬಾಗಿಲಷ್ಟು ಎತ್ತರದ ಪೋಸ್ಟರು ಬಂದು ವಾರ್ಡಿನ ಗೋಡೆ ಹತ್ತಿತು. "ಪ್ರತಿ ತಾಯಿಯ ಪಕ್ಕದಲ್ಲೂ ಒಬ್ಬ ಸೂಲಗಿತ್ತಿ" ಎಂದು ಮೇಲೆ ದಪ್ಪಕ್ಷರ. ಕೆಳಗೆ ಮಗು ಎತ್ತಿಕೊಂಡು ನಗುತ್ತಿರುವ ಪಿಸುಮಾತು. ಅವಳ ಪಕ್ಕದಲ್ಲಿ, ಕಾಗದ ಮುಗಿಯುವ ಕಡೆ, ಒಂದು ಮೊಣಕೈ.

"ಮೂವತ್ತೊಂದು ವರ್ಷಕ್ಕೆ ಒಂದು ಮೊಣಕೈ," ಅಂದಳು ನಗಾರಿ ಮನೆಗೆ ಬಂದು.

ಅವಳ ಗಂಡ ಗಡಿಯಾರ ರಿಪೇರಿಯವನು. ಕಣ್ಣಿನ ಭೂತಗನ್ನಡಿ ತೆಗೆಯದೆಯೇ, "ನಾನೂ ನೋಡ್ದೆ ಕಣೇ. ಮೊಣಕೈ ಚೆನ್ನಾಗಿ ಬಂದಿದೆ," ಅಂದ. ಅವತ್ತು ಅವನು ತಾನೇ ಬಡಿಸಿಕೊಂಡು ಉಂಡ.

ಪೋಸ್ಟರಿನ ಮೇಲುಗಡೆ ಒಂದು ಮೊಳೆಯಿತ್ತು. ನಗಾರಿ ತನ್ನ ಏಪ್ರನ್ನನ್ನು ಅದಕ್ಕೇ ನೇತು ಹಾಕತೊಡಗಿದಳು. ಸರಿಯಾಗಿ ಪಿಸುಮಾತಿನ ಮುಖದ ಮೇಲೆ ಬೀಳುತ್ತಿತ್ತು, ಮೊಣಕೈ ಮಾತ್ರ ಕಾಣುತ್ತಿತ್ತು. ಪಿಸುಮಾತು ಒಂದು ದಿನವೂ ಅದನ್ನು ತೆಗೆಯಲಿಲ್ಲ. ಅದಕ್ಕಂತೂ ನಗಾರಿಗೆ ಇನ್ನೂ ಉರಿಯಿತು. ತೆಗೆದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಇಷ್ಟರ ನಡುವೆ ಅವಳ ಮಗಳು ಬಸುರಿಯಾದಳು. ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸ ಅವಳದು, ಒಬ್ಬಳೇ ಮಗಳು. ಮೂರನೆಯ ತಿಂಗಳಲ್ಲೇ ನಗಾರಿ ಬಿಳಿ ಬಟ್ಟೆಯೊಂದನ್ನು ಕುದಿಸಿ, ಒಣಗಿಸಿ, ಮಡಚಿ ಬೀರುವಿನಲ್ಲಿಟ್ಟಿದ್ದಳು. ಊರಿನ ಮಕ್ಕಳನ್ನೆಲ್ಲ ಹಿಡಿದ ಕೈ ತನ್ನ ಮೊಮ್ಮಗುವನ್ನು ಆ ಬಟ್ಟೆಯಲ್ಲಿ ಮೊದಲು ಹಿಡಿಯಬೇಕು. ಪೋಸ್ಟರಿನಲ್ಲಿ ಯಾರಾದರೂ ಇರಲಿ, ಇದೊಂದು ತನ್ನದು.

ಎಂಟನೆಯ ತಿಂಗಳಲ್ಲಿ ಮಗಳು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು, "ಅಮ್ಮಾ, ಬೈಬೇಡ," ಅಂದಳು.

"ಏನು ಮಾಡಿದೀಯ ಅಂತ ಗೊತ್ತಾದ್ಮೇಲೆ ತಾನೇ ಬೈಯೋದು?"

"ಹೆರಿಗೆ ಅವ್ರ ಕೈಲಿ ಮಾಡಿಸ್ಕೊಳ್ತೀನಿ."

"ಯಾರ ಕೈಲಿ?" ಗೊತ್ತಿದ್ದೇ ಕೇಳಿದಳು.

"ಗೊತ್ತಲ್ಲ ನಿಂಗೆ."

ಒಲೆಯ ಮೇಲಿನ ಹಾಲು ಉಕ್ಕಿ ಹರಿಯಿತು. ಇಬ್ಬರೂ ನೋಡುತ್ತ ನಿಂತರು.

"ನಾನು ಸತ್ತಿದೀನಾ?"

"ಅಯ್ಯೋ, ಅಲ್ಲಮ್ಮಾ. ನೀನು ಕಾಲ ಹತ್ರ ನಿಂತ್ರೆ ನನ್ನ ತಲೆ ಹತ್ರ ಯಾರಿರ್ತಾರೆ? ನೀನು ಹಿಂದೆ ಕೂತು ನನ್ನ ಹಿಡ್ಕೋ. ಮತ್ತೆ..." ಮಗಳು ಸ್ವಲ್ಪ ನಕ್ಕಳು, "ನೀನು ಕೂಗಿದ್ರೆ ನಂಗೆ ಇವತ್ತಿಗೂ ಸ್ಕೂಲಿಗೆ ಲೇಟಾಯ್ತು ಅನ್ಸುತ್ತೆ. ಕೈಲಿರೋದು ಬಿಟ್ಟು ಎದ್ದು ಓಡ್ತೀನಿ."

ಮೂರು ದಿನ ನಗಾರಿ ಮಗಳ ಜೊತೆ ಮಾತು ಬಿಟ್ಟಳು. ನಾಲ್ಕನೆಯ ದಿನ ಗಂಡ, "ನನ್ನ ಕೈಗಡಿಯಾರ ಕೆಟ್ರೆ ನಾನೂ ಪಕ್ಕದ ಅಂಗಡಿಗೇ ಕೊಡೋದು. ಸ್ವಂತದ್ದಕ್ಕೆ ಕೈ ನಡುಗುತ್ತೆ ಕಣೇ," ಅಂದ.

"ನನ್ನ ಕೈ ನಡುಗಲ್ಲ ರೀ."

"ಕೈ ನಡುಗಲ್ಲ, ಸರಿ. ಬಾಯಿ?"

ಅವಳು ಬೀರು ತೆಗೆದು, ಮಡಚಿಟ್ಟ ಬಿಳಿ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಚಿದಳು.

ಒಂದು ರಾತ್ರಿ ಶುರುವಾದ ನೋವು ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಜೋರಾಯಿತು. ನಗಾರಿ ಬಟ್ಟೆಯ ಮಡಿಕೆಯನ್ನು ಕಂಕುಳಲ್ಲಿಟ್ಟುಕೊಂಡು ಮಗಳನ್ನು ಕರೆದುಕೊಂಡು ಬಂದಳು. ಪಿಸುಮಾತು ಬಾಗಿಲಲ್ಲೇ ಕಾದಿದ್ದಳು. "ಬಾ" ಎಂದು ಮಗಳ ಕೈ ಹಿಡಿದಳು. ಮಗಳ ಮುಖ ಅರಳಿತು. ನಗಾರಿಯ ಕಣ್ಣು ಅದನ್ನೂ ಲೆಕ್ಕಕ್ಕೆ ಹಾಕಿಕೊಂಡಿತು.

ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವಳು ಮಂಚದ ತಲೆಯ ಕಡೆ ಕೂತಳು. ಗೋಡೆಗೆ ಒರಗಿ, ಮಗಳನ್ನು ಎದೆಗೆ ಆನಿಸಿಕೊಂಡಳು. ಅಲ್ಲಿಂದ ಕಾಣುವುದು ಮಗಳ ನೆತ್ತಿ, ಮೊಣಕಾಲುಗಳು, ಅವುಗಳ ನಡುವೆ ಬಗ್ಗಿದ ಪಿಸುಮಾತಿನ ಹಣೆ. ಕೆಲಸ ಮಾತ್ರ ಕಾಣದು. ಬೆರಳು ಎಲ್ಲಿವೆ? ತಲೆ ಎಷ್ಟು ಇಳಿದಿದೆ? ಅವಳ ಕೈಗಳು ಮಗಳ ಭುಜದ ಮೇಲೆ ಸುಮ್ಮನೆ ಕೂರಲಾರದೆ ಗಾಳಿಯಲ್ಲಿ ಹೆರಿಗೆ ಮಾಡಿಸುತ್ತಿದ್ದವು.

ಹನ್ನೊಂದೂವರೆಯಾಯಿತು. ಪಿಸುಮಾತು, "ಈಗ ತಳ್ಳಬೇಡ. ಊದು. ದೀಪ ಅಲ್ಲಾಡಬೇಕು, ಆರಬಾರದು, ಅಷ್ಟು ಸಣ್ಣಗೆ ಊದು," ಅನ್ನುತ್ತಿದ್ದಳು. ಮಗಳು ಊದುತ್ತಿದ್ದಳು. ಒಂದು ನೋವು ಬಂದು ಹೋಯಿತು. ಇನ್ನೊಂದು ಬಂದು ಹೋಯಿತು. ತಲೆ ನಿಧಾನವಾಗಿ ಬಂದರೆ ಚರ್ಮ ಹರಿಯುವುದಿಲ್ಲ, ಇದನ್ನು ಪಿಸುಮಾತಿಗೆ ಕಲಿಸಿದವಳೇ ನಗಾರಿ. ಆದರೆ ಹೊಟ್ಟೆಕಿಚ್ಚಿಗೆ ಪಾಠ ನೆನಪಿರುವುದಿಲ್ಲ. ಒಳ್ಳೆಯ ನೋವನ್ನೆಲ್ಲ ಇವಳು ಹಾಳು ಮಾಡುತ್ತಿದ್ದಾಳೆ ಅನ್ನಿಸಿತು. ಅದರ ಹಿಂದೆಯೇ ಇನ್ನೊಂದು ಯೋಚನೆ ಹಾವಿನ ಹಾಗೆ ಹಾದುಹೋಯಿತು: ಸ್ವಲ್ಪ ಎಡವಟ್ಟಾಗಲಿ, ಒಂಚೂರು, ಆಗ ಇವಳೇ ತಲೆಯೆತ್ತಿ 'ಅಕ್ಕಾ, ನೀವು ಬನ್ನಿ' ಅನ್ನುತ್ತಾಳೆ.

ಯಾರ ಮಗಳ ಮೇಲೆ ಇಂಥದ್ದನ್ನು ಬಯಸಿದೆ ಎಂದು ಅವಳೇ ಬೆಚ್ಚಿಬಿದ್ದಳು. ಆ ಗಾಬರಿಯಲ್ಲೇ ಮೂರನೆಯ ನೋವು ಬಂತು, ನಗಾರಿಯ ಬಾಯಿ ತಾನಾಗಿ ತೆರೆಯಿತು.

"ತಳ್ಳು ಮಗಳೇ, ತಳ್ಳು!"

ಹೊರಗೆ ಟೀ ಅಂಗಡಿಯವನು ತಲೆಯೆತ್ತಿದ. ಒಳಗೆ ಮಗಳು, ಇಪ್ಪತ್ತಾರು ವರ್ಷ ಆ ದನಿಗೆ ಎದ್ದು ಓಡಿದವಳು, ಇದ್ದಬದ್ದ ಶಕ್ತಿಯೆಲ್ಲ ಹಾಕಿ ತಳ್ಳಿದಳು. ಮಗುವಿನ ತಲೆ ಒಂದೇ ಏಟಿಗೆ ಹೊರಬಂತು. ಮಗಳು ಚೀರಿದ ರೀತಿಯಲ್ಲೇ ನಗಾರಿಗೆ ತಿಳಿಯಿತು, ಹರಿದಿದೆ. ಪಿಸುಮಾತಿನ ಹಣೆಯಲ್ಲಿ ಗೆರೆ ಮೂಡಿತು. ಹೊಕ್ಕುಳಬಳ್ಳಿ ಮಗುವಿನ ಕುತ್ತಿಗೆಗೆ ಎರಡು ಸುತ್ತು ಬಿಗಿಯಾಗಿ ಸುತ್ತಿಕೊಂಡಿತ್ತು. ಅದನ್ನು ಬಿಡಿಸುವ ತನಕ ಮಗಳು ಅಲುಗಬಾರದು, ತಳ್ಳಬಾರದು.

"ಒಂದೇ ದನಿ!"

ಆ ಕೂಗು ಪಿಸುಮಾತಿನದು. ಐದು ವರ್ಷದಲ್ಲಿ ಯಾರೂ ಕೇಳದ ದನಿ. ಕಿಟಕಿಯ ಗಾಜು ಝಣ್ ಎಂದಿತು.

"ನಿಮ್ಮದಾ, ನನ್ನದಾ ಅಕ್ಕಾ? ಈಗ್ಲೇ ಹೇಳಿ!"

ಮಗಳು ಕತ್ತು ಹಿಂದಕ್ಕೆ ಹೊರಳಿಸಿ, ಬೆವರಿಳಿದ ಕಣ್ಣುಗಳಿಂದ ತಾಯಿಯನ್ನೇ ನೋಡಿದಳು. "ಅಮ್ಮಾ, ಏನ್ ಮಾಡ್ಲಿ? ತಳ್ಳಲಾ? ಅಮ್ಮಾ, ಹೇಳಮ್ಮಾ!"

ಜೀವಮಾನವೆಲ್ಲ ಅವಳು ಕಾದಿದ್ದ ಪ್ರಶ್ನೆ ಅದು. ಉತ್ತರವೂ ಗೊತ್ತಿತ್ತು, ನಾಲಿಗೆಯ ತುದಿಯಲ್ಲೇ ಇತ್ತು. ನಗಾರಿ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕಚ್ಚಿದಳು. ಎರಡೂ ಕೈಯಲ್ಲಿ ಮಗಳ ಗಲ್ಲ ಹಿಡಿದು, ಆ ಮುಖವನ್ನು ತನ್ನ ಕಡೆಯಿಂದ ಮೆಲ್ಲಗೆ ತಿರುಗಿಸಿ ಪಿಸುಮಾತಿನ ಕಡೆಗೆ ಹಿಡಿದಳು.

"ನನ್ನ ನೋಡು," ಪಿಸುಮಾತು ಮತ್ತೆ ಮೆತ್ತಗಾಗಿದ್ದಳು. "ಊದು. ದೀಪ ಆರಬಾರದು. ಹಾಂ. ಇನ್ನೊಂದು. ಬಳ್ಳಿ ಬಿಡಿಸ್ತಿದೀನಿ... ಒಂದು ಸುತ್ತು ಬಂತು... ಊದು... ಇನ್ನೊಂದು... ಹೂಂ, ಈಗ ತಳ್ಳು."

ಹೆಣ್ಣುಮಗು. ಪಿಸುಮಾತು ಅದರ ಬೆನ್ನು ಉಜ್ಜಿದಳು. ಆಮೇಲೆ ಅದು ಅತ್ತಿತು ನೋಡಿ, ಎದುರಿನ ಟೀ ಅಂಗಡಿಯವನು "ಅಕ್ಕ ಮತ್ತೆ ಶುರು ಮಾಡಿದ್ರು" ಅಂದನಂತೆ.

ಪಿಸುಮಾತು ಬಿಳಿ ಬಟ್ಟೆಗೆ ಕೈ ಚಾಚಿದಳು. ನಗಾರಿ ಕೊಟ್ಟಳು. ಮಗು ಮೊದಲು ಹೋದದ್ದು ಪಿಸುಮಾತಿನ ಕೈಯಿಂದ ಮಗಳ ಎದೆಗೆ. ನಗಾರಿ ಎದ್ದು ಬಂದು, ಹೊಲಿಗೆ ಹಾಕುವಷ್ಟು ಹೊತ್ತು ಒಂದು ಕೈಯಲ್ಲಿ ದೀಪ ಹಿಡಿದು ನಿಂತಳು. ಆರು ಹೊಲಿಗೆ. ಒಂದೊಂದಕ್ಕೂ ಮಗಳು ಅಮ್ಮನ ಇನ್ನೊಂದು ಕೈ ಹಿಂಡಿದಳು. ನಗಾರಿ ಕೈ ಬಿಡಿಸಿಕೊಳ್ಳಲಿಲ್ಲ.

ಮಧ್ಯಾಹ್ನ ಪಿಸುಮಾತು ಹೆರಿಗೆ ರಿಜಿಸ್ಟರು ಬರೆಯಲು ಕೂತಳು. ಗಾಯಕ್ಕೆ ಕಾರಣ ಎಂಬ ಕಡೆ ಸ್ವಲ್ಪ ಯೋಚಿಸಿ, 'ಹೆರುವವರು ಅವಸರದಲ್ಲಿ ತಳ್ಳಿದರು' ಎಂದು ಬರೆದಳು. ನಗಾರಿ ಹಿಂದಿನಿಂದ ಓದಿದಳು.

"ಪೆನ್ನು ಕೊಡಿಲ್ಲಿ."

"ಬಿಡಿ ಅಕ್ಕಾ, ಯಾರು ಓದ್ತಾರೆ?"

"ನಾನು ಓದ್ತೀನಿ. ಕೊಡು."

ಆ ಸಾಲನ್ನು ಹೊಡೆದುಹಾಕಿ, ದಪ್ಪ ಅಕ್ಷರದಲ್ಲಿ ಬರೆದಳು: 'ಕೋಣೆಯಲ್ಲಿ ಎರಡು ದನಿ ಇದ್ದವು. ಎರಡನೆಯದು ನನ್ನದು.' ಕೆಳಗೆ ರುಜು ಹಾಕಿದಳು. ಆಮೇಲೆ ಪೆನ್ನು ಕೊಡುತ್ತ, "ನಿನ್ನ ಗಂಟಲೇನೂ ಸಣ್ಣದಲ್ಲ ಬಿಡು. ಇಷ್ಟು ವರ್ಷ ಬಚ್ಚಿಟ್ಟಿದ್ದೆ," ಅಂದಳು.

ಈಗ ತರಬೇತಿಗೆ ಬರುವ ಹುಡುಗಿಯರಿಗೆ ಒಂದೇ ದನಿಯ ನಿಯಮ ಹೇಳಿಕೊಡುವವಳು ನಗಾರಿಯೇ. ಮೊದಲು ಆ ಐದು ಜನರ ಕಥೆ ಹೇಳುತ್ತಿದ್ದಳು, ಈಗ ರಿಜಿಸ್ಟರಿನ ಆ ಪುಟ ತೆಗೆದು ಮುಂದಿಡುತ್ತಾಳೆ. ಹುಡುಗಿಯರು ರುಜು ನೋಡಿ ಅವಳ ಮುಖ ನೋಡುತ್ತಾರೆ. "ನೋಡ್ಕೊಳ್ಳಿ, ನಾನೇ," ಅನ್ನುತ್ತಾಳೆ. ಏಪ್ರನ್ ಈಗ ಬೇರೆ ಮೊಳೆಗೆ ಹೋಗಿದೆ. ಹೊಸ ಮೊಳೆಯನ್ನು ಅವಳೇ ಹೊಡೆದಳು, ಒಂದು ಗೇಣು ಆಚೆಗೆ. ಕಿಟಕಿಯಿಂದ ಗಾಳಿ ಬಂದರೆ ಏಪ್ರನ್ನಿನ ಅಂಚು ಈಗಲೂ ಪಿಸುಮಾತಿನ ಒಂದು ಕಿವಿಯನ್ನು ಮುಚ್ಚುತ್ತದೆ.

ಹೊಟ್ಟೆಕಿಚ್ಚು ಪೂರ್ತಿ ಆರಿತು ಅಂದರೆ ನಾನು ಸುಳ್ಳು ಹೇಳಿದ ಹಾಗೆ. ಮೊನ್ನೆ ಮೊಮ್ಮಗಳು ವಾರ್ಡಿಗೆ ಬಂದವಳು, ಅಜ್ಜಿಯ ಚಾಚಿದ ಕೈ ದಾಟಿ, ಸೀದಾ ಪಿಸುಮಾತಿನ ತೊಡೆ ಹತ್ತಿದಳು. ನಗಾರಿ ಔಷಧಿ ಕಪಾಟಿನ ಕಡೆ ತಿರುಗಿ, ಹತ್ತಿಯ ಕಟ್ಟುಗಳನ್ನು ಎಣಿಸುವ ನೆಪದಲ್ಲಿ, ಬಾಯೊಳಗೇ ಏನೋ ಗೊಣಗಿದಳು.

"ಏನಂದ್ರಿ ಅಕ್ಕಾ?" ಪಿಸುಮಾತು ಕೇಳಿದಳು.

"ಏನಿಲ್ಲ," ಅಂದಳು ನಗಾರಿ.

ಆದರೆ ಪಕ್ಕದಲ್ಲೇ ನಿಂತಿದ್ದ ತರಬೇತಿಯ ಹುಡುಗಿಗೆ ಕೇಳಿಸಿತ್ತು: "ಆ ಹೆರಿಗೇನ ನಾನಾಗಿದ್ರೆ ಹತ್ತು ನಿಮಿಷ ಮುಂಚೆ ಮುಗಿಸ್ತಿದ್ದೆ."