ಅಟ್ಟದ ಗಾಜು

ದೆವ್ವ, ಗಾಳಿ ಎಂದರೆ ನಗುತ್ತಿದ್ದವನು ನಾನು. ಹಳೆಯ ಕಟ್ಟಡಗಳ ದುರಸ್ತಿ ನನ್ನ ಕಸುಬು. ಪ್ರತಿ ಸದ್ದಿನ ಹಿಂದೆಯೂ ಸಡಿಲ ಮೊಳೆಯೋ ಹೆಗ್ಗಣವೋ ಇರುತ್ತದೆ ಎಂದು ಮನೆಯಲ್ಲಿ ಭಾಷಣ ಬಿಗಿಯುತ್ತಿದ್ದೆ. ಈಗ ಬಿಗಿಯುವುದಿಲ್ಲ. ಯಾಕೆಂದು ನೀವೇ ಓದಿ.

ಶಿವಾಜಿನಗರದ ಕಡೆಯ ಒಂದು ಕೆಥೆಡ್ರಲ್. ಬ್ರಿಟಿಷರ ದಂಡಿನ ಕಾಲದ ಕಲ್ಲುಕಟ್ಟಡ, ಚೂಪು ಕಮಾನುಗಳು, ಗಾರೆಯ ಗೋಡೆ. ಮುಂಬಾಗಿಲ ಮೇಲುಗಡೆ ಹಾಡುವವರು ನಿಲ್ಲಲು ತೇಗದ ಅಟ್ಟ. ಆಗ ಅಲ್ಲಿ ಬಿಳಿ ಸಿಪಾಯಿಗಳು ಹಾಡುತ್ತಿದ್ದರಂತೆ, ನಮ್ಮವರು ಕೆಳಗೆ ನೆಲದ ಮೇಲೆ ಕೂರುತ್ತಿದ್ದರಂತೆ. ಈಗ ಹಾಡುವವರೆಲ್ಲ ಹೆಂಗಸರೇ. ಅವರಲ್ಲಿ ನನ್ನ ಹೆಂಡತಿ ಸ್ಟೆಲ್ಲಾಳೂ ಒಬ್ಬಳು.

ಅಟ್ಟ ಹೊತ್ತ ಕಮಾನಿನಲ್ಲಿ ಬಿರುಕು ಬಿಟ್ಟು ಮೇಲಿನ ಮೂಲೆಯವರೆಗೂ ಹತ್ತಿತ್ತು. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸುವುದು ನಮ್ಮ ಪದ್ಧತಿ. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಗಾಜು ಒಡೆಯುತ್ತದೆ. ಕೆಳಗೆ ಕಮಾನಿನ ಬುಡದಲ್ಲೊಂದು, ಮೇಲೆ ಅಟ್ಟದಲ್ಲೊಂದು ಅಂಟಿಸಿದ್ದೆ. ತಿಂಗಳುಗಟ್ಟಲೆ ಎರಡೂ ಒಡೆಯಲಿಲ್ಲ. ಮಾತೆಯ ಹಬ್ಬಕ್ಕೆ ಮೇಲೆಯೇ ಹಾಡಬಹುದು ಎಂದು ಫಾದರ್‌ಗೆ ಹೇಳಿಬಿಟ್ಟೆ.

ಹಬ್ಬದ ಹಿಂದಿನ ಮಧ್ಯಾಹ್ನ ಗಾಜು ನೋಡಲು ಹೋದೆ. ಒಳಗೆ ಯಾರೂ ಇರಲಿಲ್ಲ. ಅಟ್ಟದ ಬೀಗದಕೈ ನನ್ನ ಜೇಬಿನಲ್ಲೇ ಇತ್ತು. ಕಮಾನಿನ ಕೆಳಗೆ ನಿಂತಾಗ ತಲೆಯ ಮೇಲೆ ಹಲಗೆಗಳು ಕಿರುಗುಟ್ಟಿದವು, ಪೂಜೆ ಶುರುವಾದಾಗ ಜನ ಸಾಲಾಗಿ ಎದ್ದು ನಿಲ್ಲುವ ಹಾಗೆ. ಬೂಟುಗಳ ಸದ್ದು. ಆಮೇಲೆ ಹಾಡಲು ಹೊರಟವರಂತೆ ಎಲ್ಲರೂ ಒಟ್ಟಿಗೆ ಉಸಿರೆಳೆದುಕೊಂಡರು. ಹಾಡು ಮಾತ್ರ ಬರಲಿಲ್ಲ.

ಬೀಗ ತೆಗೆದು ಹತ್ತಿದೆ. ಯಾರೂ ಇಲ್ಲ. ಗಾಜು ನೆಟ್ಟಗಿತ್ತು.

ಆ ಸಂಜೆಯೇ ಫಾದರ್‌ಗೆ, ಯಾರೂ ಮೇಲೆ ಹತ್ತುವುದು ಬೇಡ ಎಂದೆ. ಸ್ಟೆಲ್ಲಾ ಸಿಟ್ಟಾದಳು.

"ಗಾಜು ಒಡ್ದಿಲ್ಲ ಅಂತ ನೀವೇ ಹೇಳಿದ್ರಿ. ಈಗೇನ್ರೀ ನಿಮ್ದು?"

"ಇದೊಂದ್ಸಲ ಕೆಳಗೇ ಹಾಡು ಸ್ಟೆಲ್ಲಾ. ನಿಂಗೇನಾದ್ರೂ ಆದ್ರೆ ನನ್ ಕೈಲಿ ಆಗಲ್ಲ."

ಹಬ್ಬ ಸಾಂಗವಾಗಿ ಮುಗಿಯಿತು. ಅಟ್ಟ ಬೀಳಲಿಲ್ಲ. ಮಾತೆಗೆ ಹರಕೆ ಹೊತ್ತು ಬಂದ ಹೆಂಗಸರ ಕಾವಿ ಸೀರೆಗಳ ಸಂದಣಿಯಲ್ಲಿ ಸ್ಟೆಲ್ಲಾ ನನ್ನನ್ನು ಹುಡುಕಿಕೊಂಡು ಬಂದಾಗ ಕೆಣಕಲು ಬಂದಳು ಎಂದುಕೊಂಡೆ. ಅವಳ ಮುಖ ಬಿಳಚಿತ್ತು.

"ನಮ್ಮನ್ನ ಕೆಳಗಿಳ್ಸಿ ಮೇಲೆ ಗಂಡಸರನ್ನ ನಿಲ್ಸಿದ್ರಾ? ನಮ್ ಜೊತೆ ಹಾಡ್ತಿದ್ರಲ್ಲ, ಯಾರ್ರೀ ಅವ್ರು?"

ಬೀಗ ನಾನು ಹಾಕಿದ ಹಾಗೇ ಇತ್ತು. ಮೇಲೆ ಗಾಜು ಎರಡು ಹೋಳಾಗಿತ್ತು.

ಹಬ್ಬದ ನೂಕುನುಗ್ಗಲಿಗೆ, ಕೆಳಗೆ ಬಾರಿಸಿದ ಬ್ಯಾಂಡಿನ ಸದ್ದಿಗೆ ಒಡೆದಿರಬಹುದು ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಆದರೆ ಬ್ಯಾಂಡಿನ ಪಕ್ಕದಲ್ಲೇ ಇದ್ದ ಕೆಳಗಿನ ಗಾಜಿಗೆ ಗೀರೂ ಬಿದ್ದಿರಲಿಲ್ಲ.

ಅಟ್ಟಕ್ಕೆ ಹೊಸ ಗಾಜು ಅಂಟಿಸಿ ವರ್ಷಗಳಾದವು. ಇನ್ನೂ ನೆಟ್ಟಗಿದೆ. ಪ್ರತಿ ಹಬ್ಬಕ್ಕೂ ಫಾದರ್ ಕೇಳುತ್ತಾರೆ, ಮೇಲೆ ಹಾಡಬಹುದೇ ಎಂದು. ಹೂಂ ಅನ್ನಲು ನನಗೆ ಬಾಯಿ ಬರುವುದಿಲ್ಲ. ಸ್ಟೆಲ್ಲಾ ಕೇಳುವುದನ್ನೇ ಬಿಟ್ಟಿದ್ದಾಳೆ. ಕೆಳಗೆ ನಿಂತು ಹಾಡುವಾಗ ಮಾತ್ರ ನಡುನಡುವೆ ದನಿ ತಗ್ಗಿಸಿ ಮೇಲಕ್ಕೆ ಕಿವಿಗೊಡುತ್ತಾಳೆ.